ಅನುದಾನದ ರೊಕ್ಕ, ಹೊಲದ ಹೊಂಡ

ಮುಂಡರಗಿ ತಾಲ್ಲೂಕಿನ ಒಂದು ಊರು. ಅಲ್ಲಿಯ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ನಾವು ಎಲ್ಲರ ಕೈಗೂ ಪೇಪರ್ ಕೊಟ್ಟಿದ್ದೆವು. ದೊಡ್ಡ ಅಕ್ಷರದ ತಲೆಬರಹಗಳನ್ನು ಒಬ್ಬೊಬ್ಬರೇ ಕೂಡಿಸಿ ಕೂಡಿಸಿ ಓದುತ್ತಿದ್ದರು. ಒಬ್ಬ ಅಕ್ಕ ಬೆರಳಿಟ್ಟು ಓದಿದರು: "ದ್ವೀಪದ ಊರುಗಳಿಗೆ ಹವಾಮಾನ ಅನುದಾನ."

ಓದಿ ಮುಗಿಸಿ ಪೇಪರ್ ಕೆಳಗಿಟ್ಟರು.

"ಅಲ್ರೀ ಮಾಸ್ತರ್ರ, ದ್ವೀಪ ಅಂದ್ರ ಸುತ್ತೆಲ್ಲಾ ನೀರಿರೋ ಊರು ಹೌದಲ್ರೀ? ಅವರಿಗೆ ನೀರು ಹೆಚ್ಚಾತು ಅಂತ ರೊಕ್ಕ ಕೊಡ್ತಾರ. ನಮಗ ನೀರ ಇಲ್ಲ. ನಮಗ್ಯಾರು ಕೊಡ್ತಾರ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಅದು ನಕ್ಕು ಬಿಡುವ ಪ್ರಶ್ನೆ ಆಗಿರಲಿಲ್ಲ. ಮುಂದೆ ಹಲವು ಸಂಜೆ ಅದೇ ಮಾತು ನಡೆಯಿತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಕೇಂದ್ರಗಳಲ್ಲೂ ಇದೇ ಪ್ರಶ್ನೆಯನ್ನು ಇಟ್ಟು ಮಾತಾಡಿದೆವು. ಆಡಿದ ಮಾತುಗಳನ್ನೇ ಇಲ್ಲಿ ಬರೆದಿದ್ದೇವೆ.

ಸಮುದ್ರದ ಊರು, ನಮ್ಮ ಊರು

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟರೆ ಹೊಗೆ ಬರುತ್ತದೆ. ಅದರಲ್ಲಿಯ ಒಂದು ಅನಿಲ ಆಕಾಶದಲ್ಲಿ ಕಂಬಳಿಯ ಹಾಗೆ ನಿಲ್ಲುತ್ತದೆ. ಭೂಮಿಯ ಕಾವು ಹೊರಗೆ ಹೋಗಲು ಬಿಡುವುದಿಲ್ಲ. ಭೂಮಿ ಬಿಸಿ ಆಗುತ್ತದೆ. ಸಮುದ್ರವೂ ಬಿಸಿ ಆಗುತ್ತದೆ. ಬಿಸಿ ಆದ ನೀರು ಹಿಗ್ಗುತ್ತದೆ. ಧ್ರುವದ ಕಡೆಯ ಮಂಜುಗಡ್ಡೆ ಕರಗಿ ಅದೂ ಸಮುದ್ರಕ್ಕೆ ಸೇರುತ್ತದೆ. ಹೀಗೆ ಸಮುದ್ರ ಮೇಲೇರುತ್ತಿದೆ.

ಲಕ್ಷದ್ವೀಪ, ಮಾಲ್ಡೀವ್ಸ್ ಎಂಬ ದ್ವೀಪಗಳು ಸಮುದ್ರಕ್ಕಿಂತ ಸ್ವಲ್ಪವೇ ಎತ್ತರ ಇವೆ. ಬಹಳ ಕಡೆ ಒಂದೆರಡು ಮೀಟರ್, ಅಷ್ಟೇ. ಅಲೆ ದೊಡ್ಡದಾದರೆ ದಂಡೆ ಕೊಚ್ಚಿ ಹೋಗುತ್ತದೆ. ಬಾವಿಯ ನೀರು ಉಪ್ಪಾಗುತ್ತದೆ. ಸುತ್ತ ನೀರು ಇದ್ದರೂ ಕುಡಿಯಲು ನೀರು ಇಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಘಟ್ಟ ಇಳಿದರೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ. ಅಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುತ್ತದೆ. ಹೊಳೆಯ ನಡುವಿನ ನೆಲಕ್ಕೆ ಅಲ್ಲಿಯವರು ಕುರ್ವೆ ಎನ್ನುತ್ತಾರೆ. ಐಗಳಕುರ್ವೆ ಅಂಥ ಒಂದು ಊರು. ಹೊಳೆದಂಡೆಯ ಗದ್ದೆಗೆ ಗಜನಿ ಎಂದು ಹೆಸರು. ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಅದು ಉಪ್ಪುನೀರನ್ನೂ ತಾಳಿಕೊಳ್ಳುವ ಭತ್ತ. ಭರತ ಬಂದಾಗ ಉಪ್ಪುನೀರು ಒಳಗೆ ನುಗ್ಗದ ಹಾಗೆ ಮಣ್ಣಿನ ಒಡ್ಡು ಹಾಕಿರುತ್ತಾರೆ. ಒಡ್ಡು ಒಡೆದರೆ ಆ ವರ್ಷದ ಕೂಳು ಹೋಯಿತು.

ಅಲ್ಲಿ ಒಡ್ಡು ನೀರನ್ನು ಹೊರಗೆ ತಡೆಯುತ್ತದೆ. ನಮ್ಮಲ್ಲಿ ಒಡ್ಡು ನೀರನ್ನು ಒಳಗೆ ಹಿಡಿಯುತ್ತದೆ.

ನಮಗೂ ಅದೇ ಕಾವು ಮುಟ್ಟಿದೆ. ಬಿಸಿ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳುತ್ತದೆ. ಬಿಟ್ಟಾಗ ಒಮ್ಮೆಲೇ ಬಿಡುತ್ತದೆ. ನಡುವೆ ಒಣ ದಿನಗಳು ಉದ್ದ ಆಗುತ್ತವೆ. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಬೇಕಾದಾಗ ಬರುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ರೋಣ, ನರಗುಂದ ಕಡೆಯ ಊರುಗಳಿಗೆ ನುಗ್ಗಿತು. ನಾಲ್ಕು ವರ್ಷ ಕಳೆಯಿತು. 2023ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರಪೀಡಿತ ಎಂದು ಸರ್ಕಾರ ಹೇಳಿತು. ಹೆಸರು ಒಣಗಿತು. ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತಲು ಹಸಿ ಸಾಲಲಿಲ್ಲ.

ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ. ಲಕ್ಷ್ಮೇಶ್ವರದ ಹತ್ತಿರ ಮಾಗಡಿ ಕೆರೆ ಇದೆ. ಶಿರಹಟ್ಟಿ ತಾಲ್ಲೂಕಿನ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಜಗತ್ತಿನ ಮುಖ್ಯ ಜೌಗು ನೆಲಗಳ ಒಂದು ಪಟ್ಟಿ ಇದೆ. ರಾಮ್ಸರ್ ಪಟ್ಟಿ ಎನ್ನುತ್ತಾರೆ. 2024ರ ಜನವರಿಯಲ್ಲಿ ಮಾಗಡಿ ಕೆರೆ ಆ ಪಟ್ಟಿಗೆ ಸೇರಿದೆ ಎಂದು ಹೇಳಿದರು. ಅದೇ ದಿನ ಅಘನಾಶಿನಿಯ ಹೆಸರೂ ಬಂತು. ಸಮುದ್ರದ ಊರು, ಬಯಲುಸೀಮೆಯ ಊರು ಒಂದೇ ಹಾಳೆಯಲ್ಲಿ ಕೂತವು. ಆದರೆ ಪಟ್ಟಿಗೆ ಹೆಸರು ಬಂದ ಮಾತ್ರಕ್ಕೆ ಕೆರೆಗೆ ನೀರು ಬರುವುದಿಲ್ಲ, ಊರಿಗೆ ರೊಕ್ಕವೂ ಬರುವುದಿಲ್ಲ.

ದಾನವೂ ಅಲ್ಲ, ಸಾಲವೂ ಅಲ್ಲ

ಹಾಗಾದರೆ ರೊಕ್ಕ ಎಲ್ಲಿಂದ ಬರುತ್ತದೆ? ಅನುದಾನ ಎಂದರೆ ಏನು?

ನಮ್ಮ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಇದೆ. ಕಟ್ಟಿಸಿದ್ದು 1007ರಲ್ಲಿ. ಅವಳನ್ನು ದಾನಚಿಂತಾಮಣಿ ಎಂದು ಕರೆದರು. ದಾನ ಕೊಡುವವರ ಮನಸ್ಸಿಗೆ ಬಿಟ್ಟದ್ದು. ಕೊಟ್ಟರೆ ಕೈ ಮುಗಿಯುತ್ತೇವೆ. ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂದು ಕೇಳಲು ಆಗುವುದಿಲ್ಲ.

ಅನುದಾನ ಹಾಗಲ್ಲ. ಒಂದು ಕೆಲಸಕ್ಕೆಂದು, ಒಂದು ನಿಯಮದ ಪ್ರಕಾರ ಕೊಡುವ ರೊಕ್ಕ ಅದು. ತಿರುಗಿ ಕೊಡಬೇಕಾಗಿಲ್ಲ. ಆದರೆ ಲೆಕ್ಕ ಕೊಡಬೇಕು. ಅದು ಯಾರ ಗಂಟು? ನಮ್ಮದೇ. ಸಾಬೂನು ಕೊಂಡಾಗ, ಕಡ್ಡಿಪೆಟ್ಟಿಗೆ ಕೊಂಡಾಗ ನಾವೂ ತೆರಿಗೆ ಕಟ್ಟಿರುತ್ತೇವೆ. ಹೀಗಾಗಿ ಯಾಕೆ ಬರಲಿಲ್ಲ, ಎಷ್ಟು ಬಂತು ಎಂದು ಕೇಳಬಹುದು. ಕೇಳಿದರೆ ಯಾರೂ ಸಿಟ್ಟಿಗೇಳುವ ಹಾಗಿಲ್ಲ. ಏಳುತ್ತಾರೆ, ಅದು ಬೇರೆ ಮಾತು.

ಸಹಾಯಧನ ಎಂಬ ಶಬ್ದವನ್ನೂ ಕೇಳಿದ್ದೀರಿ. ಸಬ್ಸಿಡಿ ಎನ್ನುತ್ತೇವಲ್ಲ, ಅದೇ. ಅದರಲ್ಲಿ ಒಂದು ಪಾಲು ಸರ್ಕಾರದ್ದು, ಒಂದು ಪಾಲು ನಮ್ಮದು.

ದೊಡ್ಡ ಮಟ್ಟದಲ್ಲೂ ಇಂಥ ರೊಕ್ಕ ಓಡಾಡುತ್ತದೆ. ಹೆಚ್ಚು ಹೊಗೆ ಬಿಟ್ಟವು ಶ್ರೀಮಂತ ದೇಶಗಳು. ಮುಳುಗುವವು ಸಣ್ಣ ದ್ವೀಪಗಳು. ಇದು ನ್ಯಾಯವಲ್ಲ ಎಂದು ದ್ವೀಪ ದೇಶಗಳು 1990ರಿಂದ ಕೂಡಿಕೊಂಡು ಕೇಳುತ್ತ ಬಂದವು. 2010ರಲ್ಲಿ ಹಸಿರು ಹವಾಮಾನ ನಿಧಿ ಎಂಬುದನ್ನು ಮಾಡಲು ದೇಶಗಳು ಒಪ್ಪಿದವು. ಆ ನಿಧಿ 2018ರಲ್ಲಿ ನಮ್ಮ ದೇಶದ ಕರಾವಳಿ ಊರುಗಳಿಗೆ 4 ಕೋಟಿ 34 ಲಕ್ಷ ಡಾಲರ್ ಅನುದಾನಕ್ಕೆ ಒಪ್ಪಿಗೆ ಕೊಟ್ಟಿತು. ಆಂಧ್ರ, ಮಹಾರಾಷ್ಟ್ರ, ಒಡಿಶಾ ಈ ಮೂರು ರಾಜ್ಯಗಳಿಗೆ. ದ್ವೀಪದವರು ಕೇಳಲು ಶುರು ಮಾಡಿ ನಿಧಿ ಆಗುವುದಕ್ಕೆ 20 ವರ್ಷ ಹಿಡಿಯಿತು. ಕೇಳದಿದ್ದರೆ ಅದೂ ಆಗುತ್ತಿರಲಿಲ್ಲ.

ನಮ್ಮ ಕಡೆ ಬಂದದ್ದು ಬೇರೆ ದಾರಿಯಿಂದ. ಸುಜಲಾ ಯೋಜನೆಯ ಹೆಸರು ಕೇಳಿರಬಹುದು. ಅದರ ಮೂರನೆಯ ಹಂತ 2012ರಲ್ಲಿ ಶುರುವಾಯಿತು. ಗದಗ ಜಿಲ್ಲೆಯೂ ಅದರಲ್ಲಿ ಇತ್ತು. ಹೊಲ ಹೊಲದ ಮಣ್ಣು ಪರೀಕ್ಷೆ ಮಾಡಿ ನಕಾಶೆ ಬರೆದರು. ಎರಿ ಎಲ್ಲಿ, ಮಸಾರಿ ಎಲ್ಲಿ, ಒಡ್ಡು ಎಲ್ಲಿ ಬೇಕು ಎಂದು ಗುರುತಿಸಿದರು. ರೊಕ್ಕ ವಿಶ್ವಬ್ಯಾಂಕಿನದು. ಅದು ಸರ್ಕಾರಕ್ಕೆ ಸಾಲ. ರೈತರಿಗೆ ಮಾತ್ರ ಅನುದಾನ. ಎಂದರೆ, ಆ ಸಾಲ ತೀರಿಸುವವರಲ್ಲಿ ನಾವೂ ಇದ್ದೇವೆ. ನಕಾಶೆಯನ್ನು ಕೇಳಿ ನೋಡಿದ ರೈತರು ನಮ್ಮ ಕೇಂದ್ರಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ.

ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಹವಾಮಾನ ಬದಲಾದರೂ ತಾಳಿಕೊಳ್ಳುವ ಬೇಸಾಯ ಹೇಗೆ ಎಂದು ಕಲಿಸಲು 2011ರಲ್ಲಿ ದೇಶದ ಹಲವು ಜಿಲ್ಲೆಗಳಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದರು. ಹುಲಕೋಟಿಯ ಕೇಂದ್ರವೂ ಅದರಲ್ಲಿ ಸೇರಿತು. ಹೊಂಡ, ಒಡ್ಡು, ಬೇಗ ಬರುವ ಬೀಜ, ಇವನ್ನೆಲ್ಲ ನೋಡಬೇಕಾದರೆ ಅಲ್ಲಿಗೆ ಹೋಗಬಹುದು.

ಮುಂಚೆ ಕೊಡುವ ರೊಕ್ಕ, ಆಮೇಲೆ ಕೊಡುವ ರೊಕ್ಕ

ಮಳೆ ಹೋದ ಮೇಲೆ ಪರಿಹಾರ ಕೊಡುತ್ತಾರೆ. ಮಳೆ ಬರುವ ಮುಂಚೆ ಹೊಂಡ ತೋಡಲು ಅನುದಾನ ಕೊಡುತ್ತಾರೆ. ಇವೆರಡೂ ಒಂದೇ ಅಲ್ಲ.

2023ರ ಬರಕ್ಕೆ ಕರ್ನಾಟಕ ಸರ್ಕಾರ ಕೇಂದ್ರದ ಹತ್ತಿರ 18,171 ಕೋಟಿ ರೂಪಾಯಿ ಕೇಳಿತು. ರೊಕ್ಕ ಬರಲಿಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ ಕೊನೆಗೆ ಸುಮಾರು 3,400 ಕೋಟಿ ಬಂತು. ಅಷ್ಟು ಹೊತ್ತಿಗೆ ಮುಂದಿನ ಬಿತ್ತನೆಯೇ ಹತ್ತಿರ ಬಂದಿತ್ತು. ಮಳೆಯಾಶ್ರಿತ ಬೆಳೆಗೆ ಆಗ ಪರಿಹಾರ ಒಂದು ಹೆಕ್ಟೇರಿಗೆ 8,500 ರೂಪಾಯಿ ಇತ್ತು. ಹೆಚ್ಚೆಂದರೆ 2 ಹೆಕ್ಟೇರಿಗೆ. 4 ಎಕರೆ ಎಂದರೆ ಸುಮಾರು 1.6 ಹೆಕ್ಟೇರ್. 13,600 ರೂಪಾಯಿ ಆಯಿತು. ಬೀಜ, ಗೊಬ್ಬರ, ಗಳೆ, ಆಳು ಎಲ್ಲ ಸೇರಿಸಿ ನೀವೇ ಲೆಕ್ಕ ಹಾಕಿ ನೋಡಿ.

ನಮ್ಮ ಅಭಿಪ್ರಾಯ ಹೇಳುತ್ತೇವೆ. ಪರಿಹಾರ ಬೇಕು, ಬಿಡಬಾರದು. ಆದರೆ ನಾವು ಜೋರಾಗಿ ಕೇಳಬೇಕಾದ್ದು ಮುಂಚಿನ ರೊಕ್ಕವನ್ನು.

ಉತಾರದಲ್ಲಿ ಯಾರ ಹೆಸರು?

ಮುಂಚಿನ ರೊಕ್ಕಕ್ಕೆ ಒಂದು ಉದಾಹರಣೆ ಕೃಷಿ ಭಾಗ್ಯ. 2014ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿತು. ನಡುವೆ ನಿಂತಿತ್ತು. 2023ರಲ್ಲಿ ಮತ್ತೆ ಶುರುವಾಯಿತು. ಹೊಲದಲ್ಲಿ ಹೊಂಡ, ಅದಕ್ಕೆ ಹಾಸುವ ಹಾಳೆ, ನೀರೆತ್ತುವ ಪಂಪು, ತುಂತುರು ನೀರಾವರಿ ಇವಕ್ಕೆ ಸಹಾಯಧನ. ಮೊದಲು ಬಂದಾಗ ಸಾಮಾನ್ಯ ವರ್ಗದವರಿಗೆ ನೂರಕ್ಕೆ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನೂರಕ್ಕೆ 90 ಸರ್ಕಾರದ ಪಾಲು ಇತ್ತು. ಅರ್ಜಿ ಕೊಡುವುದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ನಿಯಮ ಬದಲಾಗುತ್ತ ಇರುತ್ತದೆ. ಈ ವರ್ಷ ಎಷ್ಟು ಎಂದು ಅಲ್ಲಿಯೇ ಕೇಳಬೇಕು.

ಪೇಪರ್ ಓದಿದ ನಮ್ಮ ಅಕ್ಕನಿಗೆ 4 ಎಕರೆ ಹೊಲ ಇದೆ. ಗಂಡ ತೀರಿಕೊಂಡಿದ್ದಾರೆ. ದುಡಿಯುವವರು ಅವರೇ. ಅರ್ಜಿ ಹಿಡಿದು ಹೋದರು. ಅಲ್ಲಿ ಉತಾರ ಕೇಳಿದರು. ಉತಾರದಲ್ಲಿ ಇದ್ದದ್ದು ಮಾವನ ಹೆಸರು. ಮಾವ ತೀರಿಕೊಂಡು 11 ವರ್ಷ ಆಗಿತ್ತು.

"ನಾ ಉತ್ತೇನಿ, ನಾ ಬಿತ್ತೇನಿ, ನಾ ಕಳೆ ತಗದೇನಿ. ಕಾಗದದಾಗ ಮಾತ್ರ ನಾನಿಲ್ಲ," ಎಂದರು ಅಕ್ಕ.

ಬರ ಪರಿಹಾರವೂ ಅವರಿಗೆ ಬಂದಿರಲಿಲ್ಲ. ಯಾಕೆಂದರೆ ಫ್ರೂಟ್ಸ್ ಎಂಬ ರೈತರ ನೋಂದಣಿಯಲ್ಲಿ ಅವರ ಹೆಸರೇ ಇರಲಿಲ್ಲ. ಎಫ್‌ಐಡಿ ನಂಬರ್ ಎನ್ನುತ್ತಾರಲ್ಲ, ಆ ನಂಬರ್ ಇಲ್ಲದವರಿಗೆ ರೊಕ್ಕ ಜಮಾ ಆಗುವುದಿಲ್ಲ. ನಂಬರ್ ಬೇಕಾದರೆ ಉತಾರದಲ್ಲಿ ಹೆಸರು ಬೇಕು.

ವಾರಸಾ ಮಾಡಿಸಲು ಅಕ್ಕ ಓಡಾಡಿದರು. ಮರಣದ ದಾಖಲೆ, ವಂಶಾವಳಿ, ಮೈದುನಂದಿರ ಒಪ್ಪಿಗೆ. ದೊಡ್ಡ ಮೈದುನ ಮೊದಲು ಒಪ್ಪಲಿಲ್ಲ. ಅವನ ಮನೆಗೆ ಎಷ್ಟು ಸಲ ಹೋದರೋ ನಮಗೂ ಲೆಕ್ಕ ಸಿಗಲಿಲ್ಲ. "ವೈನಿ, ಮುಂದಿನ ವರ್ಷ ನೋಡೂಣು," ಎನ್ನುತ್ತಿದ್ದ. ಕೊನೆಗೆ ಅವನ ಹೆಂಡತಿಯೇ ಮಾತಾಡಿದಳು: "ನಾಳೆ ನನಗೂ ಇದೇ ಗತಿ ಆದ್ರ?" ಆಮೇಲೆ ಅವನು ಸಹಿ ಹಾಕಿದ.

ಊರಿಗೆ ಎಷ್ಟೇ ದೊಡ್ಡ ಯೋಜನೆ ಬಂದರೂ ಅದು ಉತಾರದ ಬಾಗಿಲಲ್ಲಿ ಹಾದು ಬರಬೇಕು. ಕೌಲಿಗೆ ಮಾಡುವವರು, ಗಂಡನಿಲ್ಲದ ಹೆಣ್ಣುಮಕ್ಕಳು ಆ ಬಾಗಿಲ ಹೊರಗೆ ನಿಲ್ಲುತ್ತಾರೆ. ಹೆಚ್ಚು ಪೆಟ್ಟು ತಿನ್ನುವವರೂ ಅವರೇ. ನಿಯಮ ಮಾಡುವವರು ಇದನ್ನು ಇನ್ನೂ ಸರಿಯಾಗಿ ನೋಡಿಲ್ಲ ಎಂದೇ ನಮಗೆ ಅನ್ನಿಸುತ್ತದೆ.

ಮೊದಲು ಯಾರ ಕೈಯಿಂದ?

ಇನ್ನೊಂದು ತೊಡಕು ಇದೆ. ಬಹಳಷ್ಟು ಯೋಜನೆಗಳಲ್ಲಿ ಸಹಾಯಧನ ಜಮಾ ಆಗುವುದು ಕೆಲಸ ಮುಗಿದು, ಅಳತೆ ಆಗಿ, ಫೋಟೋ ತೆಗೆದ ಮೇಲೆ. ಅಲ್ಲಿಯವರೆಗೆ ರೈತರೇ ಹಾಕಬೇಕು.

ಹೊಂಡ, ಹಾಳೆ, ಪಂಪು ಸೇರಿ 1,00,000 ರೂಪಾಯಿ ಆಯಿತು ಎಂದು ತಿಳಿಯೋಣ. ಸರ್ಕಾರ 80,000 ಕೊಡುತ್ತದೆ. ನಮ್ಮ ಪಾಲು 20,000. ಒಳ್ಳೆಯದು. ಆದರೆ ಪೂರ್ತಿ ಲಕ್ಷವನ್ನು ಸಾಲ ತಂದಿರಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ಸಹಾಯಧನ ಬರಲು 6 ತಿಂಗಳು ಆಯಿತು. ಬಡ್ಡಿಯೇ 18,000. ನಿಮ್ಮ ಪಾಲು 38,000 ಆಯಿತು. ಅದೇ ರೊಕ್ಕವನ್ನು ಸ್ವಸಹಾಯ ಸಂಘದಿಂದ ನೂರಕ್ಕೆ 1 ರೂಪಾಯಿ ಬಡ್ಡಿಗೆ ತಂದರೆ 6 ತಿಂಗಳಿಗೆ 6,000. ಆಗ ನಿಮ್ಮ ಪಾಲು 26,000. ಸಾಲ ತರುವ ಮುಂಚೆ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಬಾಯಿಲೆಕ್ಕದಲ್ಲಿ ಬಡ್ಡಿ ಯಾವಾಗಲೂ ಸಣ್ಣದಾಗಿ ಕಾಣುತ್ತದೆ.

ಹೊಂಡದಲ್ಲಿ ಎಷ್ಟು ನೀರು?

ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಕೇಳಿ ಅಜ್ಜ ಒಬ್ಬರು, "ಖರೇನ?" ಎಂದರು. ಖರೆ. 20 ಮಿಲಿಮೀಟರಿನ ಒಂದು ಒಳ್ಳೆಯ ಮಳೆ 4 ಎಕರೆಗೆ ಬಿದ್ದರೆ 3 ಲಕ್ಷ 20 ಸಾವಿರ ಲೀಟರ್. ಬಹಳಷ್ಟು ನೆಲಕ್ಕೆ ಇಂಗುತ್ತದೆ. ನಾಲ್ಕರಲ್ಲಿ ಒಂದು ಪಾಲು ಹರಿದು ಬಂದರೂ 80,000 ಲೀಟರ್.

10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ. ಗೋಡೆ ನೆಟ್ಟಗೆ ಇದ್ದರೆ 3 ಲಕ್ಷ ಲೀಟರ್ ಹಿಡಿಯುತ್ತದೆ. ಆದರೆ ಮಣ್ಣು ಕುಸಿಯದ ಹಾಗೆ ದಂಡೆಯನ್ನು ಇಳಿಜಾರಾಗಿ ಬಿಡುತ್ತಾರೆ. ಹೀಗಾಗಿ ಹೆಚ್ಚು ಕಡಿಮೆ ಅರ್ಧ, ಒಂದೂವರೆ ಲಕ್ಷ ಲೀಟರ್ ಎಂದು ಹಿಡಿಯಿರಿ. ಎರಡು ಒಳ್ಳೆಯ ಮಳೆಗೆ ತುಂಬುತ್ತದೆ. ಇಷ್ಟರಲ್ಲಿ 4 ಎಕರೆ ನೀರಾವರಿ ಆಗುವುದಿಲ್ಲ. ಹಾಗೆಂದು ಹೇಳುವವರನ್ನು ನಂಬಬೇಡಿ. ಆದರೆ ಕಡಲೆ ಹೂ ಬಿಡುವ ಹೊತ್ತಿಗೆ, ಮೆಣಸಿನ ಗಿಡ ಬಾಡುವ ಹೊತ್ತಿಗೆ ಒಂದು ತುಂಡು ಹೊಲಕ್ಕೆ ಒಂದು ಸಲ ನೀರು ಕೊಡಬಹುದು. ಆ ತುಂಡಿನ ಬೆಳೆ ಉಳಿಯುವುದು, ಹೋಗುವುದು ಆ ಒಂದು ನೀರಿನ ಮೇಲೆ ನಿಂತಿರುತ್ತದೆ.

ಎರಿ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ. ಕಪ್ಪತಗುಡ್ಡದ ಅಡಿಯ ಮಸಾರಿ ಹೊಲದಲ್ಲಿ ಇಂಗಿ ಹೋಗುತ್ತದೆ. ಅಲ್ಲಿ ಹಾಳೆ ಬೇಕೇ ಬೇಕು. ಹಾಳೆ ಹಾಸಿದ ಹೊಂಡದ ದಂಡೆ ಜಾರುತ್ತದೆ. ಮಕ್ಕಳು, ಕುರಿ ಬಿದ್ದರೆ ಹತ್ತಿ ಬರಲು ಆಗುವುದಿಲ್ಲ. ಸುತ್ತ ಬೇಲಿ ಹಾಕಿ. ಹಗ್ಗ ಒಂದನ್ನು ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಡಿ. ಬೇಲಿ ಆಮೇಲೆ ಹಾಕಿದರಾಯಿತು ಎಂದು ಬಿಡಬೇಡಿ.

ಹಗ್ಗ ಹಿಡಿದು ಹೋದ ದಿನ

ಅದೇ ಊರಿನ ಹಳ್ಳದ ಮಗ್ಗುಲಿಗೆ ಊರಿನ ಹೊಂಡ ಒಂದು ಆಗಿತ್ತು. ಪಕ್ಕದಲ್ಲಿ ಸಿಮೆಂಟಿನ ಫಲಕ. ಕೆಲಸದ ಹೆಸರು, ವರ್ಷ, ರೊಕ್ಕ ಎಷ್ಟು, ಅಳತೆ ಎಷ್ಟು, ಎಲ್ಲ ಬರೆದಿತ್ತು. ದಿನಾ ಅದರ ಮುಂದೆ ದನ ಹೊಡೆದುಕೊಂಡು ಹೋಗುವವರು ಅದನ್ನು ಓದಿರಲಿಲ್ಲ. ಓದಲು ಬರುತ್ತಿರಲಿಲ್ಲ.

ಒಂದು ದಿನ ಪಾಠವನ್ನು ಅಲ್ಲಿಯೇ ಮಾಡೋಣ ಎಂದು ಎಲ್ಲರೂ ಹೋದೆವು. ಫಲಕ ಓದಿದರು. 12 ಮೀಟರ್, 12 ಮೀಟರ್, 3 ಮೀಟರ್. ಅಂಕಿ ಕಲಿಸುವುದಷ್ಟೇ ನಮ್ಮ ಉದ್ದೇಶ ಆಗಿತ್ತು. ಆದರೆ ಅಜ್ಜ ಒಬ್ಬರು ಹೊಂಡದ ಕಡೆ ನೋಡಿ, "ಇದು ಹನ್ನೆರಡು ಐತೇನಪಾ?" ಎಂದರು.

ಮರುದಿನ ಅರಿವೆ ಅಂಗಡಿಯ ಮೀಟರ್ ಪಟ್ಟಿ ತಂದರು. ಹಗ್ಗಕ್ಕೆ ಮೀಟರಿಗೆ ಒಂದರಂತೆ ಗಂಟು ಹಾಕಿದರು. ಉದ್ದ ಹಿಡಿದರು, ಅಗಲ ಹಿಡಿದರು, ಕಲ್ಲು ಕಟ್ಟಿ ಆಳ ಬಿಟ್ಟರು. 10, 10, 2.

ಅಕ್ಕ ಪಾಟಿಯ ಮೇಲೆ ಗುಣಾಕಾರ ಮಾಡಿದರು. ಗೋಡೆ ನೆಟ್ಟಗೆ ಇದೆ ಎಂದು ಹಿಡಿದರೆ ಫಲಕದ ಪ್ರಕಾರ 432 ಘನ ಮೀಟರ್. ಇದ್ದದ್ದು 200. ಅರ್ಧಕ್ಕಿಂತ ಕಡಿಮೆ. ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಮ್ಮೆಲೇ ಮಾತಾಡಿದರು.

ಜಗಳಕ್ಕೆ ಹೋಗಬೇಡಿ, ಕಾಗದ ಬರೆಯಿರಿ ಎಂದು ನಾವು ಹೇಳಿದೆವು. ಗ್ರಾಮಸಭೆಯಲ್ಲಿ ಲೆಕ್ಕ ಕೇಳುವ ಹಕ್ಕು ಊರಿನ ಪ್ರತಿ ಮತದಾರರಿಗೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಕೊಡಬಹುದು. ಬಡತನ ರೇಖೆಯ ಕೆಳಗಿನವರು ಅದನ್ನೂ ಕಟ್ಟಬೇಕಿಲ್ಲ. 30 ದಿನಗಳಲ್ಲಿ ಉತ್ತರ ಕೊಡಬೇಕು. ಅಳತೆ ಪುಸ್ತಕದ ನಕಲು, ಬಿಲ್ಲಿನ ನಕಲು ಕೇಳಿ ಅರ್ಜಿ ಬರೆದರು. ಬರೆದವರು ಅಜ್ಜ, ಅಕ್ಕ, ಇನ್ನೂ ಏಳು ಮಂದಿ. ಒತ್ತಕ್ಷರ ತಪ್ಪಿತ್ತು. ತಿದ್ದಲು ನಾವು ಹೋಗಲಿಲ್ಲ. ಅರ್ಥ ಆಗುತ್ತಿತ್ತು.

ಗ್ರಾಮಸಭೆಯಲ್ಲಿ ಮೊದಲು, "ಮಳಿಗೆ ಮಣ್ಣು ತುಂಬೇತಿ," ಎಂದು ಉತ್ತರ ಬಂತು. ಅಜ್ಜ ಎದ್ದು ನಿಂತರು. "ಆಳ ಕಡಿಮಿ ಆಗಿದ್ದು ಮಣ್ಣು ತುಂಬಿ ಅಂತ ತಿಳಕೊಳ್ಳೂಣು. ಅಗಲ ಯಾಕ ಕಡಿಮಿ ಆತು?" ಎಂದರು.

ಮತ್ತೆ ಅಳತೆ ಆಯಿತು. ಉಳಿದ ಕೆಲಸ ಮಾಡಿಕೊಡಲು ಒಪ್ಪಿದರು. ಮಾಡಿಯೂ ಕೊಟ್ಟರು. ಆದರೆ ಅಷ್ಟರಲ್ಲಿ ಹಸ್ತ, ಚಿತ್ತ ಎರಡೂ ಮಳೆ ಬಂದು ಹೋಗಿದ್ದವು. ಆ ವರ್ಷ ಹೊಂಡದ ತಳದಲ್ಲಿ ಮಾತ್ರ ನೀರು ನಿಂತಿತು.

ಅಕ್ಕನ ವಾರಸಾ ಮರುವರ್ಷದ ಯುಗಾದಿಗೆ ಸ್ವಲ್ಪ ಮುಂಚೆ ಆಯಿತು. ಉತಾರದಲ್ಲಿ ಮೈದುನಂದಿರ ಹೆಸರಿನ ಜೊತೆಗೆ ಅವರ ಹೆಸರೂ ಬಂತು. ಎಫ್‌ಐಡಿ ನಂಬರ್ ಸಿಕ್ಕಿತು. ಹೊಂಡಕ್ಕೆ ಅರ್ಜಿ ಕೊಟ್ಟರು. ಅರ್ಜಿ ತಗೊಂಡವರು, "ಆತು, ಹೋಗ್ರೀ," ಎಂದರು. ಅಕ್ಕ ಹೋಗಲಿಲ್ಲ. "ಸಾಹೇಬ್ರ, ಅರ್ಜಿ ಮುಟ್ಟೇತಿ ಅಂತ ಒಂದು ಚೀಟಿ ಕೊಡ್ರಿ," ಎಂದರು. ಚೀಟಿ ಬಂತು. ತಾರೀಖು, ನಂಬರ್, ತಮ್ಮ ಹೆಸರು ಮೂರನ್ನೂ ಅಲ್ಲಿಯೇ ನಿಂತು ಓದಿ, ಮಡಚಿ, ಚೀಲದಲ್ಲಿ ಇಟ್ಟುಕೊಂಡರು. ನಾವು ಇದನ್ನು ಬರೆಯುವ ಹೊತ್ತಿಗೆ ಹೊಂಡ ಇನ್ನೂ ಮಂಜೂರಾಗಿಲ್ಲ. ಚೀಟಿ ಅವರ ಹತ್ತಿರ ಇದೆ.

ಮಾಡಿ ನೋಡಿ

ನಿಮ್ಮ ಮನೆಯ ಉತಾರ ತೆಗೆದು ಓದಿ. ಅದರಲ್ಲಿ ಯಾರ ಯಾರ ಹೆಸರು ಇದೆ? ಮನೆಯ ಹೆಣ್ಣುಮಕ್ಕಳ ಹೆಸರು ಇದೆಯೇ?

ನಿಮ್ಮ ಊರಿನ ಯಾವುದಾದರೂ ಕೆಲಸದ ಫಲಕ ಓದಿ, ಅಳತೆಯನ್ನು ಪಾಟಿಯ ಮೇಲೆ ಬರೆದುಕೊಳ್ಳಿ. ಹಗ್ಗ ಹಿಡಿದು ಅಳೆಯಿರಿ.

15 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ಎಷ್ಟು ಘನ ಮೀಟರ್? ಒಂದು ಘನ ಮೀಟರಿಗೆ 1,000 ಲೀಟರ್. ದಂಡೆ ಇಳಿಜಾರು ಇದೆ ಎಂಬುದನ್ನು ಮರೆಯಬೇಡಿ.